ಖಪಲಿ ಗೋಧಿಯೊಳಗೆ ಇಳಿದ ವಿಮಾನ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಬೇರೆಯವರ ಬಾಯಿಂದ ಕೇಳಿ ನೀವು ಬೇಜಾರು ಮಾಡಿಕೊಳ್ಳುವುದು ಬೇಡ. ಮಸಗುಪ್ಪಿಯಲ್ಲಿ ನಮ್ಮ ಬಾಳವ್ವ ಅತ್ತೆಯ ಗೋಧಿ ಹೊಲದೊಳಗೆ ಎಣ್ಣೆ ತೀರಿದ ಸಣ್ಣ ವಿಮಾನವೊಂದು ಬಂದು ಮೂಗು ಊರಿತಲ್ಲ, ಅದಕ್ಕೆ ಕಾರಣ ನಾನು. ಪೂರ್ತಿ ನಾನೇ ಎಂದರೆ ಜಂಬವಾಗುತ್ತದೆ. ಮುಕ್ಕಾಲು ಪಾಲು ನಾನು. ಉಳಿದ ಕಾಲು ಪಾಲನ್ನು ನಮ್ಮ ಸಿದ್ದಪ್ಪ ಮಾವ ಮತ್ತು ಶಾಮಿಯಾನದವ ಹಂಚಿಕೊಳ್ಳಲಿ. ಹಾರಿಸುತ್ತಿದ್ದ ಕ್ಯಾಪ್ಟನ್‌ಗೆ ಏನೂ ಉಳಿಯಲಿಲ್ಲವಲ್ಲ ಎನ್ನಬೇಡಿ. ಅವರಿಗೆ ಉಳಿದದ್ದು ಬೇರೆ ಇದೆ, ಹೇಳುತ್ತೇನೆ.

ಇದೆಲ್ಲ ನೆನಪಾದದ್ದು ಮೊನ್ನೆ, ಹತ್ತರಗಿಯ ಹತ್ತಿರ, ಹೆದ್ದಾರಿಯ ಬದಿಯಲ್ಲಿ. ಹುಕ್ಕೇರಿ ಕಡೆ ಒಂದು ಕುಬಸದ, ಅಂದರೆ ಸೀಮಂತದ, ಕಾರ್ಯಕ್ರಮಕ್ಕೆ ಹೊರಟಿದ್ದೆ. ನಡುದಾರಿಯಲ್ಲಿ ನನ್ನ ಬೈಕು ನಮ್ಮ ಓಣಿಯ ಅಜ್ಜನ ಹಾಗೆ ಕೆಮ್ಮಿತು, ಉಗುಳು ನುಂಗಿತು, ಒಂದು ನಿಟ್ಟುಸಿರು ಬಿಟ್ಟು ಸುಮ್ಮನಾಯಿತು. ಬಿಸಿಲಲ್ಲಿ ಪೆಟ್ರೋಲ್ ಬಂಕಿನ ತನಕ ತಳ್ಳಿಕೊಂಡು ಹೋದೆ. ಅಲ್ಲಿ ಪೈಪು ಹಿಡಿದು ನಿಂತಿದ್ದ ಹೆಣ್ಣುಮಗಳು ನನ್ನ ಬೆವರು ನೋಡಿ, "ಗಾಡಿಗೆ ಎಣ್ಣಿ ತೋರಸೂ ಕಾಟಾ ಅಂತ ಒಂದ ಇರ್ತೈತ್ರಿ ಅಣ್ಣಾರ. ನೋಡ್ಲಿ ಅಂತನ ಇಟ್ಟಿರ್ತಾರ" ಎಂದಳು.

"ಕಾಟಾ ಕೆಟ್ಟೈತ್ರಿ" ಎಂದೆ.

"ಹಂಗಾರ ಕಣ್ಣ ಚಲೋ ಅದಾವು ಅಂದಂಗಾತು" ಎಂದು ಪೈಪನ್ನು ಟಾಕಿಯೊಳಗೆ ಇಳಿಸಿದಳು.

ಪೆಟ್ರೋಲಿನ ವಾಸನೆ ಮೂಗಿಗೆ ಬಡಿಯಿತು. ಆ ಕ್ಷಣಕ್ಕೆ ಹಣೆಯಿಂದ ಮೀಸೆಯವರೆಗೆ ಅರಿಶಿಣ ಬಳಿದುಕೊಂಡಂತಿದ್ದ ಕ್ಯಾಪ್ಟನ್ ಮುಖ ಕಣ್ಣ ಮುಂದೆ ಬಂದು, ನಾನು ಒಬ್ಬನೇ ನಗತೊಡಗಿದೆ. ಹೆಣ್ಣುಮಗಳು ಒಂದು ಹೆಜ್ಜೆ ಹಿಂದೆ ಸರಿದು ನಿಂತಳು. ತಪ್ಪಲ್ಲ. ಎಣ್ಣೆ ತೀರಿದ್ದಕ್ಕೆ ನಗುವವನನ್ನು ಕಂಡರೆ ಯಾರೇ ಆದರೂ ಸರಿಯುತ್ತಾರೆ.

ನನ್ನ ಕಸುಬು ಹೇಳಿಬಿಡುತ್ತೇನೆ. ಗೋಕಾಕ, ಮೂಡಲಗಿ, ಹುಕ್ಕೇರಿ, ಈ ಮೂರರ ನಡುವೆ ಎಲ್ಲಿ ಚಪ್ಪರ ಏಳುತ್ತದೋ ಅಲ್ಲಿ ಮೈಕು ಹಿಡಿಯುವವನು ನಾನು. ಮದುವೆ, ಕುಬಸ, ಜವಳ, ಮಾಸ್ತರರ ನಿವೃತ್ತಿ, ಏನಾದರೂ ಸರಿ. ಮಧ್ಯೆ ಮಧ್ಯೆ ಮಂದಿಯ ದನಿ ತೆಗೆಯುತ್ತೇನೆ. ಕಾಲುವೆಗೆ ನೀರು ಬಿಡುತ್ತೇವೆಂದು ಹೇಳುವ ಮುಂಚೆ ನೀರಾವರಿಯ ಸಾಹೇಬರು ಕೆಮ್ಮುವ ಕೆಮ್ಮು, ಹೋಳಿಗೆ ಸಾಕು ಸಾಕು ಎನ್ನುತ್ತಲೇ ಎಲೆಯನ್ನು ಮುಂದೆ ದೂಡುವ ಬೀಗರ ದನಿ, ಕರು ಕಾಣದ ಎಮ್ಮೆ, ಏರು ಹತ್ತದ ಟ್ರ್ಯಾಕ್ಟರ್. ಹುಟ್ಟಿದಾಗ ನಾನು ಅಳಲಿಲ್ಲವಂತೆ. ಬಾಜೂ ಮಂಚದ ಕೂಸು ಅತ್ತದ್ದನ್ನು ಕೇಳಿಸಿಕೊಂಡು ಅದರ ಹಾಗೇ ಅತ್ತೆನಂತೆ. ಹೀಗಂತ ನಮ್ಮವ್ವ ಹೇಳುತ್ತಾಳೆ, ಹೆಮ್ಮೆಯಿಂದಲೋ ಅನುಮಾನದಿಂದಲೋ ಈವರೆಗೆ ಗೊತ್ತಾಗಿಲ್ಲ.

ಬಾಳವ್ವ ಅತ್ತೆ ನಮ್ಮಪ್ಪನ ಅಕ್ಕ. ಕುರಿ ಕಾಯುವ ಮನೆತನದಲ್ಲಿ ಹುಟ್ಟಿ, ಮಸಗುಪ್ಪಿಗೆ ಸೊಸೆಯಾಗಿ ಹೋಗಿ, ಅಲ್ಲಿ ಒಕ್ಕಲುತನ ಕಲಿತವಳು. ಕಾಲುವೆಯ ಬಾಲದ ತುದಿಯಲ್ಲಿ ಅವಳದೊಂದು ಹೊಲ. ಸುತ್ತ ನಾಲ್ಕೂ ಕಡೆ ಕಬ್ಬು ಎದೆಯುಬ್ಬಿಸಿ ನಿಂತಿದ್ದರೆ ನಡುವೆ ಅವಳ ಖಪಲಿ ಗೋಧಿ, ದೊಡ್ಡವರ ಮಧ್ಯೆ ಸಿಕ್ಕ ಕೂಸಿನಂತೆ. ಖಪಲಿ ಎಂದರೆ ನಮ್ಮ ಕಡೆಯ ಹಳೆಯ ಜಾತಿಯ ಗೋಧಿ. ಕುಟ್ಟಿದರೂ ಹೊಟ್ಟು ಬಿಡಲು ಸತಾಯಿಸುತ್ತದೆ, ಆದರೆ ಹುಗ್ಗಿ ಮಾಡಿದರೆ ಉಂಡವನು ಎರಡು ದಿನ ಬೇರೆ ಮಾತಾಡುವುದಿಲ್ಲ. ಬೀಜ ಅತ್ತೆಯ ಅವ್ವನ ಕಾಲದ್ದು. ತವರಿನಿಂದ ಉಡಿಯಲ್ಲಿ ಕಟ್ಟಿಕೊಂಡು ಬಂದದ್ದಂತೆ. ಪ್ರತಿ ವರ್ಷ ಗಡಿಗೆಯಲ್ಲಿ ಬೂದಿ ಬೆರೆಸಿ, ಬೇವಿನ ಸೊಪ್ಪು ಮುಚ್ಚಿ ಕಾಪಾಡುತ್ತಿದ್ದಳು. ಆ ವರ್ಷ ಗಡಿಗೆಗೆ ನುಸಿ ಬಿದ್ದು ಅರ್ಧ ಹಿಟ್ಟಾಗಿತ್ತು. ಉಳಿದ ಅರ್ಧವನ್ನು ಒಂದು ಕಾಳೂ ಹಿಂದಿಟ್ಟುಕೊಳ್ಳದೆ ಬಿತ್ತಿದ್ದಳು. ಅಂದರೆ ಅವಳವ್ವನ ಬೀಜವೆಲ್ಲ ಆಗ ಹೊಲದಲ್ಲೇ ನಿಂತಿತ್ತು. ಮನೆಯಲ್ಲಿ ಬರಿ ಗಡಿಗೆ.

ತೆನೆ ಹಾಲು ತುಂಬುತ್ತಿದ್ದ ಹೊತ್ತು. ಇನ್ನೊಂದೇ ನೀರು ಬೇಕಿತ್ತು. ನಮ್ಮಲ್ಲಿ ಕಾಲುವೆಯ ನೀರು ಹೊಲದಿಂದ ಹೊಲಕ್ಕೆ ಪಾಳಿಯ ಮೇಲೆ ಬರುತ್ತದೆ. ನಿಮ್ಮ ಪಾಳಿ ಬಂದಾಗ ನೀವು ಹಾಯಿಸಿಕೊಳ್ಳಬೇಕು. ಇಲ್ಲವಾದರೆ ನೀರು ಬಾಜೂ ಹೊಲಕ್ಕೆ ಹೊರಟು ಹೋಗುತ್ತದೆ, ಕರೆದರೆ ತಿರುಗಿ ನೋಡುವುದಿಲ್ಲ. ಅತ್ತೆಯ ಪಾಳಿ ಇದ್ದದ್ದು ಸಿದ್ದಪ್ಪ ಮಾವನ ಮಗಳ ಮದುವೆಯ ಮಾರನೆಯ ಬೆಳಿಗ್ಗೆ. ಅದು ತಪ್ಪಿದರೆ ಮುಂದಿನ ಪಾಳಿ ಬರುವಷ್ಟರಲ್ಲಿ ತೆನೆ ಒಣಗಿ ಜೊಳ್ಳಾಗುತ್ತಿತ್ತು, ಬೀಜದ ವಂಶ ಅಲ್ಲಿಗೆ ಮುಗಿಯುತ್ತಿತ್ತು. ಇದನ್ನು ನೆನಪಿಟ್ಟುಕೊಳ್ಳಿ. ವಿಮಾನ, ಹಾರಾಟ, ಬೀಳಾಟ ಎಲ್ಲ ಮೇಲಿನ ಗದ್ದಲ. ಒಳಗಿನ ಸಂಗತಿ ಈ ನೀರು.

ಈಗ ಸಿದ್ದಪ್ಪ ಮಾವ. ನಮ್ಮವ್ವನ ತಮ್ಮ, ಅದೇ ಮಸಗುಪ್ಪಿಯವನು, ಮನುಷ್ಯ ಬಂಗಾರ. ಆದರೆ ಪಕ್ಕದ ಊರಿನ ಮದುವೆಯಲ್ಲಿ ಹೆಲಿಕಾಪ್ಟರಿನಿಂದ ಹೂವು ಸುರಿಸಿದರು ಎಂದು ಕೇಳಿದ ದಿನದಿಂದ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಹೆಲಿಕಾಪ್ಟರ್ ಸಿಗಲಿಲ್ಲ. ಗಡಿಯಾಚೆ ಯಾರೋ ಒಬ್ಬ ಕ್ಯಾಪ್ಟನ್ ಬಳಿ ಇಬ್ಬರು ಕೂರುವ ಸಣ್ಣ ವಿಮಾನ ಇದೆಯೆಂದು ಯಾರೋ ಹೇಳಿದರು. ಮಾವ ಹೋಗಿ ನೋಡಿ ಬಂದ. "ವಿಮಾನ ಹೆಂಗೈತಿ ಮಾವಾ?" ಎಂದು ಕೇಳಿದೆ. "ಚಲೋ ಐತಿ. ನಮ್ಮ ಟ್ರಾಲಿಗಿಂತ ಸಣ್ಣದೈತಿ. ಆದ್ರ ರೆಕ್ಕಿ ಅದಾವು" ಎಂದ.

ಇಲ್ಲಿ ನನ್ನ ಮೊದಲ ಬುದ್ಧಿವಂತಿಕೆ ಬರುತ್ತದೆ. "ಹೂವ ಎಲ್ಲಾರೂ ಹಾಕ್ತಾರ ಮಾವಾ. ನಾವು ಕುರಿ ಕಾಯೂ ಮಂದಿ. ಮುಗಿಲಿಂದ ಭಂಡಾರ ಬೀಳಬೇಕು, ಹೂವು ಅದರ ಮ್ಯಾಲ. ಅಂದ್ರ ನೋಡು" ಎಂದೆ. ನಮ್ಮ ದೇವರ ಕಾರ್ಯದಲ್ಲಿ ಭಂಡಾರ, ಅಂದರೆ ಅರಿಶಿಣದ ಪುಡಿ, ತೂರುತ್ತೇವಲ್ಲ, ಅದೇ. ಮಾವ ನನ್ನನ್ನು ಅಪ್ಪಿಕೊಂಡ. ಅಷ್ಟು ಗಟ್ಟಿಯಾಗಿ ಅವನು ತನ್ನ ಅಳಿಯನನ್ನೂ ಅಪ್ಪಿಕೊಂಡಿಲ್ಲ. ಮದುವೆಯ ಹಿಂದಿನ ದಿನವೇ ಚೀಲ ತುಂಬಿ ಕ್ಯಾಪ್ಟನ್‌ಗೆ ಮುಟ್ಟಿಸಿದ. ಮೇಲೆ ಹೂವಿನ ಬುಟ್ಟಿಗಳು.

ಎರಡನೆಯ ಬುದ್ಧಿವಂತಿಕೆ ಫೋನಿನಲ್ಲಿ ನಡೆಯಿತು. ಕ್ಯಾಪ್ಟನ್ ದಾರಿ ಕೇಳಿದರು. ಅವರ ಕನ್ನಡದ ಒಳಗೆ ಅರ್ಧ ಮರಾಠಿ ಕೂತಿರುತ್ತಿತ್ತು, ಸರಕಾರಿ ಬಸ್ಸಿನಲ್ಲಿ ಕಿಟಕಿಗೆ ಕೂತವರ ಹಾಗೆ, ಏಳುತ್ತಿರಲಿಲ್ಲ. ನಾನು ಹೇಳಿದೆ: "ಹಿಡಕಲ್ ಡ್ಯಾಮ್ ಕಾಣಸ್ತೈತ್ರಿ ಸರ್. ಅಲ್ಲಿಂದ ನೀರಿನ ಗುಂಟ ಬರ್ರಿ. ಕೆಂಪು, ಹಳದಿ, ಬಿಳಿ ಪಟ್ಟಿ ಚಪ್ಪರ ಕಂಡ್ರ ಅದ ನಮ್ಮದು. ಮಂದಿ ಟಾವೆಲ್ ಬೀಸ್ತಾರ."

"ಟೆನ್ಷನ್ ನಕೋ. ಮೀ ಬರ್ತೇನಿ" ಎಂದರು ಕ್ಯಾಪ್ಟನ್.

ಅವರು ಬಂದರು. ಆದರೆ ಆ ದಿನದ ಮುಹೂರ್ತ ಎಂಥದ್ದಿತ್ತೆಂದರೆ, ಹುಕ್ಕೇರಿಯಿಂದ ಮೂಡಲಗಿಯವರೆಗೆ ಮದುವೆ ಇಲ್ಲದ ಊರು ಹುಡುಕಿದರೂ ಸಿಗುತ್ತಿರಲಿಲ್ಲ. ಮತ್ತು ನಮ್ಮ ಸೀಮೆಯ ಶಾಮಿಯಾನದವನ ಬಳಿ ಇರುವುದು ಒಂದೇ ನಮೂನೆಯ ಬಟ್ಟೆ: ಕೆಂಪು, ಹಳದಿ, ಬಿಳಿ. ಇದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ವರ್ಷವಿಡೀ ಆ ಪಟ್ಟಿಯ ಕೆಳಗೇ ನಿಂತು ಕಿರುಚುವವನು ನಾನು. ಆದರೆ ಕೆಳಗೆ ನಿಂತು ಕಿರುಚುವವನಿಗೆ ಅದು ಮೇಲಿನಿಂದ ಹೇಗೆ ಕಾಣುತ್ತದೆಂಬ ವಿಚಾರ ಬರುವುದಿಲ್ಲ. ಟಾವೆಲ್ ಮಾತಂತೂ ಕೇಳಲೇಬೇಡಿ. ನಮ್ಮ ಕಡೆ ತಲೆಯ ಮೇಲೆ ವಿಮಾನ ಬಂದರೆ ಟಾವೆಲ್ ಬೀಸದಿರುವ ಗಂಡಸು ಹುಟ್ಟಿಲ್ಲ.

ಮುಂದಿನದನ್ನು ಕ್ಯಾಪ್ಟನ್ ಆಮೇಲೆ ಹೇಳಿದ್ದು. ಹಿಡಕಲ್ ದಾಟಿದ ಕೂಡಲೇ ಪಟ್ಟಿ ಚಪ್ಪರ ಕಂಡಿತು. ಕೆಳಗೆ ಟಾವೆಲ್‌ಗಳು. ಎರಡು ಸುತ್ತು ಹೊಡೆದು ಭಂಡಾರದ ಚೀಲ ಬಗ್ಗಿಸಿದರು. ಭಂಡಾರ ಕೆಳಗೆ ಹೋಗಲಿಲ್ಲ. ಗಾಳಿ ಅದನ್ನು ಹಾಗೇ ಒಳಗೆ ತಿರುಗಿಸಿ ಅವರ ಮುಖಕ್ಕೇ ತೂರಿತು. ಕಣ್ಣು, ಮೂಗು, ಮೀಸೆ, ಮುಂದಿನ ಗಡಿಯಾರಗಳಂಥವೆಲ್ಲ ಹಳದಿ. ಎಣ್ಣೆ ತೋರಿಸುವ ಕಾಟಾದ ಗಾಜನ್ನು ಬೆವರುಗೈಯಿಂದ ಒರೆಸಿದರು. ಒಣ ಪುಡಿ ಇದ್ದದ್ದು ಹಸಿ ಅರಿಶಿಣದ ಲೇಪವಾಯಿತು. ಮದುಮಗಳ ಕೆನ್ನೆಗೆ ಹಚ್ಚುವಂಥದ್ದು.

ಅಷ್ಟರಲ್ಲಿ ಮಾವನ ಫೋನು: "ಎಲ್ಲಿದ್ದೀರಿ ಸಾಹೇಬ್ರ?"

"ಆತಾ, ಈಗ ಹಾಕಿದೆ ನಾ!"

"ಯಾರಿಗೆ ಹಾಕಿದ್ರಿ? ಇಲ್ಲಿ ನಾವು ಮುಗಿಲ ನೋಡಕೋತ ನಿಂತೇವಿ, ಕುತ್ತಿಗಿ ಹಿಡದೈತಿ."

ಮತ್ತೆ ಹೊರಟರು. ಮತ್ತೊಂದು ಚಪ್ಪರ, ಮತ್ತೆ ಟಾವೆಲ್, ಮತ್ತೆ ಸುತ್ತು, ಅರ್ಧ ಹೂವು. ಮತ್ತೆ ಫೋನು. ಅದಾದ ಮೇಲಿನ ಚಪ್ಪರ ಮದುವೆಯದೇ ಅಲ್ಲ. ತೀರಿಕೊಂಡ ಹಿರಿಯರೊಬ್ಬರ ದಿನದ ಊಟ. ಅಲ್ಲಿ ಉಳಿದ ಹೂವೆಲ್ಲ ಬಿತ್ತು. ಆ ಮನೆಯವರು ಕೈ ಮುಗಿದು ಅತ್ತರಂತೆ: ಅಜ್ಜ ಬದುಕಿದ್ದಾಗ ಯಾರಿಗೂ ಒಂದು ಕಪ್ಪು ಚಹಾ ಕುಡಿಸಿರಲಿಲ್ಲ, ಆದರೂ ಮೇಲಿನವರಿಗೆ ಅವನ ಬೆಲೆ ಗೊತ್ತಿತ್ತಲ್ಲ ಎಂದು. ಈವರೆಗೂ ಅವರಿಗೆ ಯಾರೂ ನಿಜ ಹೇಳಿಲ್ಲ. ನೀವೂ ಹೇಳಬೇಡಿ.

ಹೂವು ಇಲ್ಲ, ಭಂಡಾರ ಇಲ್ಲ, ಎಣ್ಣೆ ಎಷ್ಟಿದೆ ಕಾಣುವುದಿಲ್ಲ. ಆಗಲಾದರೂ ತಿರುಗಿ ಹೋಗಬಹುದಿತ್ತು. "ಬರ್ತೇನಿ ಅಂತ ಶಬ್ದ ಕೊಟ್ಟಿದ್ನಿ" ಎನ್ನುತ್ತಾರೆ ಕ್ಯಾಪ್ಟನ್. ಮಾತಿಗೆ ತಪ್ಪದವರಿಂದ ಎಷ್ಟು ಅನಾಹುತವಾಗುತ್ತದೆ ಎಂಬುದರ ಮೇಲೆ ಯಾರಾದರೂ ಒಂದು ಪ್ರಬಂಧ ಬರೆಯಬೇಕು.

ಮಸಗುಪ್ಪಿಯಲ್ಲಿ ಅಕ್ಷತೆಯ ಹೊತ್ತು ಮೀರುತ್ತಿತ್ತು. ಮದುವೆ ಮಾಡಿಸುವ ಅಯ್ಯನವರು ಗಂಟಲು ಸರಿಪಡಿಸಿಕೊಳ್ಳುವ ನೆಪದಲ್ಲಿ ಮಾವನನ್ನು ನೋಡುತ್ತಿದ್ದರು, ಮಾವ ಮುಗಿಲನ್ನು ನೋಡುತ್ತಿದ್ದ. ಆಗ ಕಬ್ಬಿನ ಮೇಲಿನಿಂದ ಸದ್ದು ಬಂತು. ನಾನು ಮೈಕು ಬಾಯಿಗೇ ತುರುಕಿಕೊಂಡೆ. "ಬಂಧುಗಳೇ, ವಿಮಾನ ಬಂತು. ಎಲ್ಲಾರೂ ಚಪ್ಪರದ ಹಿಂದಿನ ಖಾಲಿ ಹೊಲಕ್ಕ ಬರ್ರಿ, ಹೂವ ಅಲ್ಲೇ ಬೀಳ್ತಾವು." ಆ ಸುತ್ತಿನಲ್ಲಿ ಬೆಳೆ ಇಲ್ಲದೆ ಬಯಲಾಗಿದ್ದದ್ದು ಅದೊಂದೇ ಹೊಲ. ಮದುಮಕ್ಕಳನ್ನು, ಅಯ್ಯನವರನ್ನು ಬಿಟ್ಟು ಇಡೀ ಮದುವೆ ಅಲ್ಲಿಗೆ ಓಡಿತು.

ವಿಮಾನ ಒಂದು ಸುತ್ತು ಹೊಡೆಯಿತು. ಇದ್ದಕ್ಕಿದ್ದಂತೆ ಸದ್ದು ನಿಂತಿತು. ಈಗ ನಾನು ಮೈಕಿನಲ್ಲಿ ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ಮುಚ್ಚಿಟ್ಟು ಉಪಯೋಗವಿಲ್ಲ, ಊರಿನ ಪ್ರತಿ ಫೋನಿನಲ್ಲೂ ಅದು ಇದೆ. "ನೋಡ್ರಿ, ಅಕ್ಷತಾ ಹೊತ್ತಿನ್ಯಾಗ ಗದ್ದಲ ಬ್ಯಾಡಂತ ನಮ್ಮ ಕ್ಯಾಪ್ಟನ್ ಸಾಹೇಬ್ರು ಇಂಜಿನ್ ಬಂದ್ ಮಾಡ್ಯಾರು. ಇದಕ್ಕ ಸಂಸ್ಕಾರ ಅಂತಾರು."

ಮಂದಿ ಚಪ್ಪಾಳೆ ತಟ್ಟಿದರು. ವಿಮಾನ ಹದ್ದಿನ ಹಾಗೆ ಸದ್ದಿಲ್ಲದೆ ನಮ್ಮ ಕಡೆಗೇ ಇಳಿಯುತ್ತ ಬಂತು. ಒಳಗಿನ ಹಳದಿ ಮನುಷ್ಯ ಎರಡೂ ಕೈ ಬೀಸುತ್ತಿದ್ದ, ಸರಿಯಿರಿ ಸರಿಯಿರಿ ಎಂದು. ನಾವೂ ಬೀಸಿದೆವು. ಹೆಂಗಸರು ಹೂವಿಗೆ ಸೆರಗೊಡ್ಡಿದರು. ಇನ್ನೇನು ತಲೆಗೆ ತಾಗಿತು ಎನ್ನುವಾಗ ರೆಕ್ಕೆ ಓರೆಯಾಯಿತು, ನೆರಳು ನಮ್ಮ ಮೇಲೆ ಹಾದು ಹೋಯಿತು, ಮತ್ತು ಅದು ಕಬ್ಬಿನಾಚೆ ಇಳಿದು ಕಾಣದಾಯಿತು.

ಏನೋ ಮುರಿದ ಸದ್ದು. ಆಮೇಲೆ ಏನೂ ಇಲ್ಲ.

ಮೈಕು ನನ್ನ ಕೈಯಲ್ಲೇ ಇತ್ತು. ಎಲ್ಲರೂ ನನ್ನ ಕಡೆ ನೋಡಿದರು, ಇವನೇನಾದರೂ ಹೇಳುತ್ತಾನೆ ಎಂದು. ಎಮ್ಮೆಯಿಂದ ಹಿಡಿದು ಟ್ರ್ಯಾಕ್ಟರಿನವರೆಗೆ ದನಿ ತೆಗೆಯುವ ಗಂಟಲಿನಿಂದ ಆಗ ಉಸಿರೂ ಹೊರಡಲಿಲ್ಲ. ಮೈಕು ಕೆಳಗೆ ಬಿಟ್ಟು ಓಡಿದೆ.

ನಾವು ಮುಟ್ಟುವಷ್ಟರಲ್ಲಿ ಬಾಳವ್ವ ಅತ್ತೆ ಅಲ್ಲಿದ್ದಳು. ಮರುದಿನದ ನೀರಿಗೆ ಕಾಲುವೆಯ ಕಸ ತೆಗೆಯಲೆಂದು ಅವಳು ಅಕ್ಷತೆಗೇ ಬಂದಿರಲಿಲ್ಲ. ವಿಮಾನ ಗೋಧಿಯಲ್ಲಿ ಒಂದು ಉದ್ದ ಗೀರು ಎಳೆದು, ಮುಂದಿನ ಗಾಲಿ ಮುರಿದುಕೊಂಡು, ಒಡ್ಡಿಗೆ ಮೂಗು ಚುಚ್ಚಿ ಬಾಲ ಎತ್ತಿ ನಿಂತಿತ್ತು, ಕಾಳು ಕುಕ್ಕುವ ಕೋಳಿಯ ಹಾಗೆ. ಕ್ಯಾಪ್ಟನ್ ತಾವೇ ಇಳಿದು ಒಡ್ಡಿನ ಮೇಲೆ ಕೂತಿದ್ದರು. ಕಣ್ಣಿನ ಬಿಳಿ ಬಿಟ್ಟರೆ ಉಳಿದದ್ದೆಲ್ಲ ಹಳದಿ. ನಮ್ಮ ಹಿಂದೆ ಬಂದ ಮುದುಕಿಯೊಬ್ಬಳು ಕೈ ಮುಗಿದೇ ಬಿಟ್ಟಳು.

ಅತ್ತೆ ಸಲಿಕೆ ಕೆಳಗಿಟ್ಟು ತನ್ನ ನೀರಿನ ತಂಬಿಗೆ ಅವರ ಕೈಗೆ ಕೊಟ್ಟಳು. "ಪೆಟ್ಟ ಬಿತ್ತೇನೋ ಯಪ್ಪಾ?"

"ನಾಹಿ ಆಯಿ."

"ಕೈ ಕಾಲ ಅಲಗಾಡಸ ನೋಡೂನು."

ಅವರು ಆಡಿಸಿ ತೋರಿಸಿದರು. ಅವರು ನೀರು ಕುಡಿದು ಮುಗಿಸುವ ತನಕ ಅತ್ತೆ ಕಾದಳು. ತಂಬಿಗೆ ಇಸಿದುಕೊಂಡು ಆಮೇಲೆ ಕೇಳಿದಳು: "ಈಗ ಹೇಳ. ನನ್ನ ಗೋದ್ಯಾಗ ಏನ ಕೆಲಸ ಇತ್ತು ನಿಂದು?"

"ಪೆಟ್ರೋಲ್ ಸಂಪ್ಲಾ" ಎಂದರು ಕ್ಯಾಪ್ಟನ್, ತೀರಿತು ಎಂದು ಕೈ ತಿರುವಿ. "ಊರ ಸಿಗ್ಲಿಲ್ಲಾ. ದಾರಿ ತಪ್ಪ ಹೇಳ್ಯಾರು."

"ಯಾರ ಹೇಳಿದ್ರು?"

ಕ್ಯಾಪ್ಟನ್‌ಗೆ ನನ್ನ ಮುಖ ಗೊತ್ತಿರಲಿಲ್ಲ. ಆದರೆ ಅಷ್ಟರಲ್ಲಿ ನಾನು ಏದುಸಿರು ಬಿಡುತ್ತ, "ಸರ್, ಹೆಂಗದೀರಿ ಸರ್?" ಎಂದುಬಿಟ್ಟಿದ್ದೆ. "ಹಾಚ್ ಆವಾಜ್, ಇದ ದನಿ" ಎಂದು ಹಳದಿ ಬೆರಳು ನನ್ನ ಕಡೆ ಎದ್ದಿತು.

ಅತ್ತೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಹಂಗಾರ ನಿಂದೇನೂ ತಪ್ಪಿಲ್ಲ ಬಿಡಪ್ಪಾ. ಈ ಖೋಡಿ ಮಾತ ಕೇಳಿ ನಾನೂ ಒಮ್ಮೆ ಮೂಡಲಗಿ ಬಸ್ ಬಿಟ್ಟ ಹುಕ್ಕೇರಿ ಬಸ್ ಹತ್ತಿದ್ನಿ. ನಿನಗರ ಇಳ್ಯಾಕ ಹೊಲ ಸಿಕ್ತು."

ಮದುವೆ ಆಯಿತು, ಅದರ ಚಿಂತೆ ಬೇಡ. ಅಯ್ಯನವರು ಇದ್ದಷ್ಟು ಮಂದಿಯಿಂದಲೇ ಅಕ್ಷತೆ ಹಾಕಿಸಿ ಮುಗಿಸಿದರು. ತನ್ನ ತಾಳಿಯ ಹೊತ್ತಿನಲ್ಲಿ ಒಬ್ಬರೂ ತನ್ನ ಕಡೆ ನೋಡಲಿಲ್ಲವೆಂದು ಮಾವನ ಮಗಳು ಇವತ್ತಿಗೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ. ಗಂಡ ಮಾತ್ರ ನನ್ನನ್ನು ಕಂಡರೆ ಖುಷಿಪಡುತ್ತಾನೆ. ಅವನ ಮದುವೆಯ ವಿಡಿಯೋವನ್ನು ಅವನಿಗೆ ಗೊತ್ತಿಲ್ಲದವರೂ ನೋಡಿದ್ದಾರೆ.

ಊಟದ ಹೊತ್ತಿಗೆ ಪೊಲೀಸರು ಬಂದರು. ಫೋಟೋ ತೆಗೆದರು, ಮೇಲಿನವರಿಗೆ ತಿಳಿಸಿದರು, ಒಬ್ಬ ಪೇದೆಯನ್ನು ಕಾವಲಿಗೆ ಬಿಟ್ಟು ಹೋದರು. ಪೇದೆಗೆ ಮೂರು ಮಾತು ಹೇಳಿದ್ದರು: ಯಾರೂ ಮುಟ್ಟಬಾರದು, ಯಾರೂ ಸರಿಸಬಾರದು, ಹೊಲಕ್ಕೆ ನೀರು ಬಿಡಬಾರದು. ಮೂರನೆಯ ಮಾತು ಕೇಳಿ ಅತ್ತೆಯ ಮುಖ ಹೇಗಾಯಿತೆಂದು ನಾನು ನೋಡಿದೆ. ಅಲ್ಲಿಯವರೆಗೆ ಅವಳಿಗೆ ಸಿಟ್ಟಿತ್ತು. ಸಿಟ್ಟು ಇಳಿದು ಬೇರೇನೋ ಬಂತು. ಅವಳು ಬಗ್ಗಿ ಒಂದು ತೆನೆಯನ್ನು ಎರಡು ಬೆರಳಲ್ಲಿ ಒತ್ತಿ ನೋಡಿ ಬಿಟ್ಟಳು. ನನಗಂತೂ ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಗೋಕಾಕದಿಂದ, ಮೂಡಲಗಿಯಿಂದ ಮಂದಿ ಬೈಕು, ಟಂಟಂ ಹತ್ತಿ ಬಂದರು. ವಿಮಾನದ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳಲು ಗೋಧಿ ತುಳಿಯತೊಡಗಿದರು. ಅತ್ತೆ ಜಾಲಿ ಮುಳ್ಳು ಎಳೆದು ತಂದು ಸುತ್ತ ಒಗೆದಳು. "ಒಡ್ಡಿನ ಮ್ಯಾಲ ನಿಂತ ನೋಡ್ರಿ. ವಿಮಾನ ಎಲ್ಲೂ ಹೋಗೂದುಲ್ಲ, ಅದರಾಗ ಎಣ್ಣಿಲ್ಲ" ಎಂದಳು. ಪೇದೆ ಮದುವೆಯ ಕುರ್ಚಿ ತರಿಸಿಕೊಂಡು ರೆಕ್ಕೆಯ ನೆರಳಲ್ಲಿ ಕೂತು ಮದುವೆಯ ಬುಂದೆ ತಿನ್ನುತ್ತಿದ್ದ.

ಸಂಜೆ ನನಗೆ ಮೂರನೆಯ ಬುದ್ಧಿವಂತಿಕೆ ಹೊಳೆಯಿತು. ಠಾಣೆಯ ಸಾಹೇಬರ ದನಿ ನನಗೆ ಗೊತ್ತಿತ್ತು. ಮಾತಿಗೊಮ್ಮೆ ಮೂಗಿನಲ್ಲಿ "ಹ್ಞೂಂ" ಎನ್ನುತ್ತಾರೆ. ಪೇದೆಯ ನಂಬರು ಮಾವನ ಬಳಿ ಸಿಕ್ಕಿತು. ಕಬ್ಬಿನ ಹಿಂದೆ ನಿಂತು ಬೇರೊಬ್ಬರ ಫೋನಿನಿಂದ ಹಚ್ಚಿದೆ. "ಹ್ಞೂಂ. ನಾನ ಮಾತಾಡಾಕತ್ತೇನಿ. ಆ ವಿಮಾನ ಚಪ್ಪರದ ಹಿಂದಿನ ಖಾಲಿ ಹೊಲಕ್ಕ ಎತ್ತಿ ಇಡಸ. ಹ್ಞೂಂ. ಆ ಅಜ್ಜಿಗೆ ನೀರ ಬಿಟ್ಟಗೊಳ್ಳಾಕ ಹೇಳ."

ಪೇದೆ ಬಹಳ ವಿನಯದಿಂದ ಹೇಳಿದ: "ಆತ್ರಿ ಸಾಹೇಬ್ರ. ಆದ್ರ ನಿಮ್ಮ ದನಿ ಎರಡೆರಡ ಸಲ ಕೇಳಾಕತ್ತೈತ್ರಿ. ಒಂದ ಫೋನಿನ್ಯಾಗ, ಇನ್ನೊಂದ ಆ ಕಬ್ಬಿನ ಹಿಂದ. ಅಲ್ಲೇ ನಿಂದರ್ರಿ, ಬಂದ ಸೆಲ್ಯೂಟ್ ಹೊಡಿತೇನಿ."

ನಾನು ನಿಲ್ಲಲಿಲ್ಲ. ಕಬ್ಬಿನ ಗರಿ ಎಷ್ಟು ಚೂಪಾಗಿರುತ್ತದೆಂದು ಓಡುವವನಿಗೆ ಗೊತ್ತು.

ಮರುದಿನ ಬೆಳಿಗ್ಗೆ ನೀರು ಬಂತು. ಮೇಲಿನ ಹೊಲದವನು ತನ್ನ ಪಾಳಿ ಮುಗಿಸಿ, "ಬಾಳವ್ವಕ್ಕಾ, ಬಿಟ್ಟೇನಿ ನೋಡ" ಎಂದು ಕೂಗಿ ಹೋದ. ಅತ್ತೆ ತನ್ನ ಹೊಲದ ಬಾಯಿಗೆ ಮಣ್ಣಿನ ಕಟ್ಟೆ ಹಾಕಿ, ಸಲಿಕೆ ಹಿಡಿದು ಅದರ ಮೇಲೆ ನಿಂತಿದ್ದಳು. ನೀರು ಕಟ್ಟೆಗೆ ಬಂದು ಮುಟ್ಟಿ, ಕಸಕಡ್ಡಿ ತಿರುಗಿಸುತ್ತ ನಿಂತು, ಮೆಲ್ಲಗೆ ಪಕ್ಕದವನ ಕಬ್ಬಿನ ಕಡೆ ಹೊರಳತೊಡಗಿತು. ಪಕ್ಕದವನು ಬೇಡವೆನ್ನಲಿಲ್ಲ.

ಜೀಪು ಬಂತು. ದೂರದ ಊರಿನಿಂದ ವಿಚಾರಣೆಯ ಸಾಹೇಬರು. ಬಿಳಿ ಅಂಗಿ, ಪಾಲಿಶ್ ಹಾಕಿದ ಬೂಟು, ಪುಸ್ತಕದಿಂದ ಇಳಿದಂಥ ಕನ್ನಡ. ಕೆಟ್ಟವರಲ್ಲ. ಕ್ಯಾಪ್ಟನ್ ಹತ್ತಿರ ಎಲ್ಲ ಕೇಳಿದರು. ಎರಡು ಸಲ ಸೋಪು ಹಚ್ಚಿ ತೊಳೆದರೂ ಕ್ಯಾಪ್ಟನ್ ಹಳದಿಯೇ ಇದ್ದರು. ಅವರಿಗೆ ಉಳಿದದ್ದು ಬೇರೆ ಇದೆ ಎಂದೆನಲ್ಲ, ಅದು ಈ ಬಣ್ಣ. ಸಾಹೇಬರು ಕಾಟಾದ ಗಾಜನ್ನು ಬೆರಳಿನಿಂದ ಕೆರೆದು ಮೂಸಿ ನೋಡಿ, "ಇದೇನು ಅರಿಶಿಣವಾ?" ಎಂದರು. "ಭಂಡಾರ್ರಿ" ಎಂದು ಮಾವ ಕೈ ಮುಗಿದ. ಇಂಜಿನ್ ನಿಲ್ಲುವ ಮುಂಚೆ ಸದ್ದು ಹೇಗಿತ್ತು ಎಂದು ಸಾಹೇಬರು ಕೇಳಿದಾಗ ಊರೆಲ್ಲ 'ಇಂವಾ ತೆಗದ ತೋರಸ್ತಾನ್ರಿ' ಎಂದು ನನ್ನನ್ನು ಮುಂದೆ ದೂಡಿತು. ಮೈಕಿನಲ್ಲಿ ಕಿರುಚುತ್ತಿದ್ದ ನನಗೆ ಏನು ಕೇಳಿಸಿರಬೇಕು? ಆದರೂ ಮಾನ ಉಳಿಸಿಕೊಳ್ಳಲು ಗುಡುಗುಡಿಸಿ, ಕೆಮ್ಮಿಸಿ, ನಿಲ್ಲಿಸಿದೆ. ಕ್ಯಾಪ್ಟನ್ ನೊಂದುಕೊಂಡರು. "ಸಾಹೇಬ್, ಇದು ಮಾಝಾ ವಿಮಾನ ಅಲ್ಲ. ಇದು ಹಿಟ್ಟಿನ ಗಿರಣಿ."

ಕಟ್ಟೆಯ ಕಡೆ ನೋಡಿದೆ. ನೀರು ಪಕ್ಕದ ಕಬ್ಬಿನಲ್ಲಿ ಸಾಕಷ್ಟು ಒಳಗೆ ಹೋಗಿತ್ತು.

ಅತ್ತೆ ಬಂದು ಸಾಹೇಬರ ಮುಂದೆ ನಿಂತಳು. "ನೀರ ಬಂದೈತ್ರಿ. ಹಾಯಿಸಿಕೊಳ್ಳಲೇನ್ರಿ?"

"ಇಲ್ಲಮ್ಮ. ನೀರು ಬಂದರೆ ನೆಲದ ಮೇಲಿನ ಗುರುತೆಲ್ಲ ಹೋಗಿಬಿಡುತ್ತೆ. ಇನ್ನೊಬ್ಬರು ಬಂದು ನೋಡಬೇಕು. ಒಂದು ನಾಲ್ಕು ದಿನ ತಡೆದುಕೊಳ್ಳಿ."

"ನೀರ ತಡಕೊಳ್ಳೂದುಲ್ರಿ."

ಮಾವನಿಗೆ ತಡೆಯಲಾಗಲಿಲ್ಲ. ಅವನ ಮಗಳ ಮದುವೆಯಿಂದ ಆದದ್ದಲ್ಲವೇ. "ಅಕ್ಕಾ, ಹೋಗಲಿ ಬಿಡ. ಗೋಕಾಕದ ಪ್ಯಾಟ್ಯಾಗಿಂದ ಚಲೋ ಗೋದಿ ತಂದ ಇಳಸ್ತೇನಿ. ಬೇಕಾದಷ್ಟ."

"ಅಂಗಡಿ ಗೋದಿ ಬಿತ್ತಿದ್ರ ಅಂಗಡಿನ ಬೆಳಿತೈತಿ ಸಿದ್ದಪ್ಪಾ" ಎಂದಳು ಅತ್ತೆ, ಅವನ ಕಡೆ ತಿರುಗದೆ.

ನಾನು ಏನೋ ಹೇಳಲು ಹೋದೆ. ತಪ್ಪು ನನ್ನದು, ನನ್ನನ್ನು ಜೀಪಿನಲ್ಲಿ ಕರೆದುಕೊಂಡು ಹೋಗಿ, ಇವಳಿಗೆ ನೀರು ಬಿಡಿ ಎಂದು. ಅತ್ತೆ ಸಲಿಕೆಯ ಕಾವಿನಿಂದ ನನ್ನನ್ನು ಹಿಂದೆ ಸರಿಸಿದಳು.

ಸಾಹೇಬರು ತಾಳ್ಮೆಯಿಂದ ವಿವರಿಸಿದರು. ಎಣ್ಣೆ ತೀರಿ ವಿಮಾನ ಇಳಿದದ್ದೆಂದರೆ ಸಣ್ಣ ಸಂಗತಿಯಲ್ಲ, ಯಾಕೆ ತೀರಿತು ಎಂಬುದು ತಿಳಿಯಬೇಕು, ಅಲ್ಲಿಯವರೆಗೆ ಹೊಲ ಹೀಗೇ ಇರಬೇಕು, ನೀವು ತಿಳಿದವರು, ಅರ್ಥ ಮಾಡಿಕೊಳ್ಳಬೇಕು.

ಮುಂದೇನಾಯಿತೆಂದು ನಿಮ್ಮನ್ನು ಕಾಯಿಸುವುದಿಲ್ಲ, ಧಾರಾವಾಹಿಯವನಲ್ಲ ನಾನು. ಅತ್ತೆ ಒಂದು ಮಾತಂದಳು. ಸಾಹೇಬರು ಅವಳನ್ನೇ ನೋಡುತ್ತ ನಿಂತರು, ಆಮೇಲೆ ಕಬ್ಬಿನೊಳಗೆ ಹರಿಯುತ್ತಿದ್ದ ನೀರನ್ನು ನೋಡಿದರು. ಗೀರು ಬಿದ್ದ ನೆಲದ ಫೋಟೋಗಳನ್ನು ಸುತ್ತಲೂ ತಿರುಗಿ ತಾವೇ ತೆಗೆದರು, ಅಳತೆ ಬರೆದುಕೊಂಡರು, ಯಾರಿಗೋ ಫೋನು ಹಚ್ಚಿ ಇಂಗ್ಲಿಷಿನಲ್ಲಿ ಬಹಳ ಹೊತ್ತು ವಾದಿಸಿದರು. ಫೋನು ಇಟ್ಟು ಬೂಟು ಬಿಚ್ಚಿದರು, ಪ್ಯಾಂಟು ಮಡಚಿದರು. ಮದುವೆಗೆ ಬಂದು ಉಳಿದಿದ್ದ ಬೀಗರೆಲ್ಲ ಸೇರಿ ವಿಮಾನವನ್ನು ಪಲ್ಲಕ್ಕಿಯ ಹಾಗೆ ಹೆಗಲಿಗೇರಿಸಿ ಖಾಲಿ ಹೊಲಕ್ಕೆ ಸಾಗಿಸಿದರು. ಒಂದು ರೆಕ್ಕೆಯ ತುದಿಯನ್ನು ಸಾಹೇಬರೇ ಹಿಡಿದಿದ್ದರು, ಇನ್ನೊಂದನ್ನು ಪೇದೆ. ಬಾಲ ನನ್ನ ಪಾಲಿಗೆ ಬಂತು. ಅತ್ತೆ ಕಟ್ಟೆ ಒಡೆದಳು. ಆ ಗೀರು ಬಿದ್ದ ಸಾಲು ಬಿಟ್ಟು ಉಳಿದ ಗೋಧಿಯೆಲ್ಲ ಗಟ್ಟಿ ಕಾಳು ಕಟ್ಟಿತು, ಗಡಿಗೆ ತುಂಬಿತು.

ಇವತ್ತಿಗೂ ಯಾವ ಚಪ್ಪರದಲ್ಲಿ ನಿಂತರೂ ಮಂದಿ ಈ ಕಥೆ ಮಾಡು ಎನ್ನುತ್ತಾರೆ. ಮಾಡುತ್ತೇನೆ. ಕ್ಯಾಪ್ಟನ್, ಪೇದೆ, ಮಾವ, ಸಾಹೇಬರು, ಮೈಕು ಹಿಡಿದ ಮಂಗ್ಯಾ, ಎಲ್ಲರೂ ಬರುತ್ತಾರೆ, ಮಂದಿ ನಗುತ್ತಾರೆ. ಕೊನೆಯ ಮಾತು ಬಂದಾಗ ಮಾತ್ರ ಮೊದಮೊದಲು ಅತ್ತೆಯ ದನಿ ತೆಗೆದು ನೋಡಿದೆ. ಸರಿಹೋಗಲಿಲ್ಲ. ಅವಳ ದನಿಯೇನು ಕಷ್ಟದ್ದಲ್ಲ, ಸ್ವಲ್ಪ ಒಡಕು, ಅಷ್ಟೇ. ಆದರೆ ತೆಗೆದರೆ ಮಂದಿ ನಗುತ್ತಿದ್ದರು, ಮತ್ತು ಅವರು ಅಲ್ಲಿ ನಗುವುದು ನನಗೆ ಬೇಡವಾಗಿತ್ತು. ಈಗೀಗ ಅಷ್ಟೊತ್ತಿಗೆ ಮೈಕು ಕೆಳಗಿಡುತ್ತೇನೆ. ಯಾರ ದನಿಯನ್ನೂ ತೆಗೆಯದೆ ಅವಳಂದದ್ದನ್ನು ಅಂದ ಹಾಗೇ ಹೇಳುತ್ತೇನೆ. ಸಾಹೇಬರು ಅರ್ಥ ಮಾಡಿಕೊಳ್ಳಬೇಕು ಎಂದರಲ್ಲ, ಅದಕ್ಕೆ ಅವಳಂದದ್ದು:

"ಮಾಡಕೊಂಡೇನ್ರಿ ಸಾಹೇಬ್ರ. ಎಣ್ಣಿ ತೀರಿದ್ದಕ್ಕ ಆ ವಿಮಾನ ಬಂದ ನನ್ನ ಹೊಲದಾಗ ಇಳೀತು. ನೀರ ತೀರಿದ್ರ ನನ್ನ ಗೋದಿ ಯಾರ ಹೊಲದಾಗ ಹೋಗಿ ಇಳೀಬೇಕ್ರಿ?"